ಗಿಡವೋ, ಇದ್ದಿಲೋ, ಯಂತ್ರವೋ?

ವಾತಾವರಣದ ಇಂಗಾಲವನ್ನು ಇಳಿಸಲು ಹಣ ತೊಡಗಿಸಬಯಸುವ ಸಹಕಾರ ಸಂಘವೊಂದರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ಗಿಡ ನೆಡುವುದು ಅಗ್ಗ. ಆದರೆ ದಶಕಗಳಲ್ಲಿ ಕೂಡಿಟ್ಟದ್ದನ್ನು ಒಂದೇ ಕಾಡ್ಗಿಚ್ಚು ಗಾಳಿಗೆ ಮರಳಿಸಬಲ್ಲದು.

ಬಯೋಚಾರ್, ಅಂದರೆ ಕೃಷಿ ತ್ಯಾಜ್ಯದಿಂದ ಮಾಡಿ ಮಣ್ಣಿಗೆ ಸೇರಿಸುವ ಇದ್ದಿಲು, ಹೆಚ್ಚು ಬಾಳುವಂಥದ್ದು. ತೋಟದಂಚಿನಲ್ಲಿ ರಾಶಿ ಬಿದ್ದ ಅಡಿಕೆ ಸಿಪ್ಪೆ ಕೊಳೆತರೂ ಸುಟ್ಟರೂ ಅದರ ಇಂಗಾಲದ ಬಹುಪಾಲು ಗಾಳಿಗೇ ಸೇರುತ್ತದೆ. ಅದನ್ನೇ ಮುಚ್ಚಿದ ಒಲೆಯಲ್ಲಿ, ಗಾಳಿಯಾಡದಂತೆ ಕಾಯಿಸಿ ಇದ್ದಿಲಾಗಿಸಿದರೆ, ಉಳಿದ ಇಂಗಾಲ ಮಣ್ಣಿನಲ್ಲಿ ನೂರಾರು ವರ್ಷ ನಿಲ್ಲಬಲ್ಲದು. ಆದರೆ ಇದ್ದಿಲನ್ನು ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ ಮಾಗಿಸಿಯೇ ಹಾಕಬೇಕು. ಹಾಗೆಯೇ ಸುರಿದರೆ ಅದು ಮಣ್ಣಿನ ಸಾರಜನಕವನ್ನು ಹಿಡಿದಿಟ್ಟು, ಮೊದಲ ಬೆಳೆ ಸೊರಗಬಹುದು.

ಇಂಗಾಲದ ಡೈಆಕ್ಸೈಡನ್ನು ಗಾಳಿಯಿಂದ ನೇರವಾಗಿ ಹೀರುವ ಯಂತ್ರಗಳದ್ದು ಬೇರೆಯೇ ಲೆಕ್ಕ. ಐಸ್‌ಲ್ಯಾಂಡ್‌ನಲ್ಲಿ 2021ರಲ್ಲಿ ಆರಂಭವಾದ ಓರ್ಕಾ ಸ್ಥಾವರದ ಘೋಷಿತ ಸಾಮರ್ಥ್ಯ ವರ್ಷಕ್ಕೆ ಸುಮಾರು 4,000 ಟನ್; ಹೀರಿದ ಅನಿಲವನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಬಂಡೆಯೊಳಗೆ ಇಳಿಸಿದರೆ ಅದು ಕಲ್ಲಾಗಿಬಿಡುತ್ತದೆ. ಬಾಳಿಕೆಯಲ್ಲಿ ಇದಕ್ಕೆ ಸಾಟಿಯಿಲ್ಲ, ದುಬಾರಿತನದಲ್ಲೂ ಇಲ್ಲ. ಅಲ್ಲಿ ಯಂತ್ರ ನಡೆಸಲು ಭೂಶಾಖದ ಶಕ್ತಿಯಿದೆ. ಕಲ್ಲಿದ್ದಲಿನ ವಿದ್ಯುತ್ತಿನಿಂದ ಇದನ್ನು ನಡೆಸುವುದು ತೂತಿನ ಕೊಡಕ್ಕೆ ನೀರು ಹೊತ್ತಂತೆ.

ಜಮೀನಿದ್ದವರು ಮೊದಲೆರಡನ್ನು ಬೆಸೆಯುವುದೇ ಸರಿಯೆಂದು ನನ್ನ ಅಭಿಪ್ರಾಯ: ಬದುವಿನಲ್ಲಿ ಸ್ಥಳೀಯ ಮರಗಳು, ಅವುಗಳಿಂದ ಸವರಿದ ಕೊಂಬೆಗಳು ಇದ್ದಿಲಿನ ಒಲೆಗೆ. ಹೊಸ ಇಂಗಾಲ ಗಾಳಿಗೆ ಸೇರದಂತೆ ಡೀಸೆಲ್ ಪಂಪಿನ ಬದಲು ಸೌರ ಪಂಪನ್ನು ಅದಕ್ಕೂ ಮೊದಲೇ ಅಳವಡಿಸಬೇಕು.