ಮೀನು ತರಲು ಯಾವುದು: ಸ್ಟೀಲ್ ಡಬ್ಬಿ, ಬಟ್ಟೆ ಚೀಲ, ಕಂಪೋಸ್ಟಬಲ್ ಕವರ್?

ವರ್ಸೋವಾದಲ್ಲಿ ಮೀನು ಕೊಳ್ಳುವ ಮುಂಬೈ ಕನ್ನಡಿಗರಿಗೆ ಈ ಮೂರೇ ದಾರಿ. ತೆಳು ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ನಾಲೆ ಸೇರಿ ಕಡಲಿಗೆ ಹೋದರೆ ಆಮೆಗಳು ಅದನ್ನು ಲೋಳೆಮೀನೆಂದು ನುಂಗುತ್ತವೆ, ಕರುಳು ಕಟ್ಟಿ ಸಾಯುತ್ತವೆ.

ಡಬ್ಬಿಗೆ ಮೊದಲು ದುಡ್ಡು ಹೆಚ್ಚು, ಆದರೆ ವರ್ಷಗಟ್ಟಲೆ ಬಾಳುತ್ತದೆ. ಒಂದು ಕಿಲೋ ಬಂಗುಡೆಗೆ 2 ಲೀಟರಿನದು ಸಾಕು, ಮಂಜುಗಡ್ಡೆ ಹಾಕಿದರೆ 3 ಲೀಟರ್ ಬೇಕು. ಮುಚ್ಚಳದ ರಬ್ಬರ್ ಸಡಿಲವಾದರೆ ಸೋರುತ್ತದೆ. ರಬ್ಬರ್ ಮಾತ್ರ ಬದಲಿಸಿ. ನೀರು ಬಿಡುವ ಬೊಂಬಿಲ್ (ಬಾಂಬೆ ಡಕ್) ಮೀನಿಗೆ ಡಬ್ಬಿಯೇ ಸರಿ. ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಹಿಡಿದು ನಿಲ್ಲುವುದು ಮಾತ್ರ ಕಷ್ಟ.

ಬಟ್ಟೆ ಚೀಲ ಹಗುರ, ಮಡಚಿ ಜೇಬಿಗಿಡಬಹುದು. ಒಣಮೀನು, ತರಕಾರಿಗೆ ಚೆನ್ನ. ಹಸಿಮೀನು ತಂದರೆ ಮೊದಲು ತಣ್ಣೀರಲ್ಲೇ ತೊಳೆಯಿರಿ. ಬಿಸಿನೀರು ಹಾಕಿದರೆ ಮೀನಿನ ಅಂಶ ಬೆಂದು ನೂಲಿಗೆ ಅಂಟಿ ವಾಸನೆ ಉಳಿಯುತ್ತದೆ. ಅಂಗಡಿಯಲ್ಲಿ ಬಟ್ಟೆಯೆಂದು ಕೊಡುವ, ಚುಕ್ಕಿ ಚುಕ್ಕಿ ಅಚ್ಚಿನ ಚೀಲ ಹೆಚ್ಚಾಗಿ ಪಾಲಿಪ್ರೊಪಿಲೀನ್. ಅದು ಪ್ಲಾಸ್ಟಿಕ್ಕೇ, ಹರಿದು ಎಳೆಯೆಳೆಯಾಗಿ ಮೈಕ್ರೋಪ್ಲಾಸ್ಟಿಕ್ ಆಗುತ್ತದೆ. ಹತ್ತಿಯದನ್ನೇ ಕೇಳಿ.

ಕಂಪೋಸ್ಟಬಲ್ ಕವರ್ ಕೊಳೆಯುವುದು ಸುಮಾರು 58 ಡಿಗ್ರಿ ಬಿಸಿ ಇರುವ ಗೊಬ್ಬರ ಘಟಕದಲ್ಲಿ. ತಣ್ಣಗಿನ ಕಡಲಲ್ಲಿ ಬೇಗ ಕರಗುತ್ತದೆಂದು ನಂಬಬೇಡಿ. ಸೊಸೈಟಿಯ ಹಸಿಕಸ ಅಂಥ ಘಟಕಕ್ಕೆ ಹೋಗುವುದಾದರೆ, ಚೀಲ ಮರೆತು ಬಂದ ದಿನ ತೆಗೆದುಕೊಳ್ಳಬಹುದು.