ಅರೇಬಿಕ್ ‘ಇಂಟರ್‌ಮೀಡಿಯೆಟ್’ ಕೋರ್ಸ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಆನ್‌ಲೈನ್‌ನಲ್ಲಿ ನಡೆಯುವ ಒಂದು ಅರೇಬಿಕ್ ಕೋರ್ಸ್‌ಗೆ ಸೇರಿದವರಿಗೆ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ. ಹೆಸರು ಹಾಕುತ್ತಿಲ್ಲ, ಅದೇ ಅಚ್ಚಿನ ಕೋರ್ಸ್‌ಗಳು ಬೇರೆಯೂ ಇವೆ. ಮೂರು ತಿಂಗಳಲ್ಲಿ ಬಿ1 ಮಟ್ಟ (ಯುರೋಪಿನ ಭಾಷಾ ಅಳತೆಗೋಲಿನಲ್ಲಿ ಮಧ್ಯಮ ಹಂತ) ಎಂಬ ಭರವಸೆ, ವಾರಕ್ಕೆ ಮೂರು ಗಂಟೆ ಪಾಠ, ಪೂರ್ತಿ ಶುಲ್ಕ ಮುಂಗಡ, ಕಟ್ಟಿದ್ದು ವಾಪಸ್ ಇಲ್ಲ. ಕೋರ್ಸ್ ಮುಗಿದ ಮೇಲೂ ಅರೇಬಿಕ್ ಪತ್ರಿಕೆಯ ನಾಲ್ಕು ಸಾಲು ಬಿಡಿಸಿ ಓದಲು ಅವರಿಗೆ ಆಗಲಿಲ್ಲ. ತಪ್ಪು ಕಲಿಯುವವರದಲ್ಲ, ಪಾಠ ಕಟ್ಟಿದ ರೀತಿಯದು.

ಮೊದಲು ಗಂಟೆಗಳ ಲೆಕ್ಕ ಹಾಕಿ. ಮೂರು ತಿಂಗಳಿಗೆ ಸಿಗುವುದು ಹೆಚ್ಚೆಂದರೆ 39 ಗಂಟೆ. ಅಮೆರಿಕದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ತನ್ನ ರಾಜತಾಂತ್ರಿಕರ ಅರೇಬಿಕ್‌ಗೆ ಇಟ್ಟಿರುವುದು 88 ವಾರ, 2,200 ತರಗತಿ ಗಂಟೆ. ಅವರ ಗುರಿ ಬಿ1ಗಿಂತ ಬಹಳ ಎತ್ತರದ್ದು, ನಿಜ. ಆದರೂ 39 ಗಂಟೆಗೆ ಬಿ1 ಅನ್ನುವುದು ನಂಬುವ ಮಾತಲ್ಲ.

ದೊಡ್ಡ ಎಡವಟ್ಟು ಆದದ್ದು ಪ್ರವೇಶ ಪರೀಕ್ಷೆಯಲ್ಲಿ. ಒಂದು ಪುಟ ಗಟ್ಟಿಯಾಗಿ ಓದಿಸಿದರು, ಎರಡು ಮಾತು ಆಡಿಸಿದರು, ಮಧ್ಯಮ ಹಂತ ಎಂದು ಮುದ್ರೆ ಒತ್ತಿದರು. ನಮ್ಮಲ್ಲಿ ಇದರಿಂದ ಕೆಡುವವರು ಎರಡು ಗುಂಪು. ಚಿಕ್ಕಂದಿನಿಂದ ಕುರಾನ್ ಓದಿದವರು ಅಕ್ಷರವನ್ನು ಸಲೀಸಾಗಿ ಓದುತ್ತಾರೆ, ಆದರೆ ಅಲ್ಲಿ ಜಬರ್, ಜೇರ್, ಪೇಶ್ ಎಂಬ ಸ್ವರ ಚಿಹ್ನೆಗಳೆಲ್ಲ ಅಚ್ಚಾಗಿರುತ್ತವೆ. ಓದಲು ಬಂದಷ್ಟಕ್ಕೆ ವ್ಯಾಕರಣ ಬಂತು ಎಂದಲ್ಲ. ಇನ್ನೊಂದು ಗುಂಪು ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಗಲ್ಫ್‌ಗೆ ಹೋಗಿ ದುಡಿದವರು. ‘ಅನಾ ಮಾಫೀ ಮಾಲೂಮ್’ ಎಂದು ಅವರು ತಡವರಿಸದೆ ಹೇಳುತ್ತಾರೆ. ಅದು ಕೆಲಸದ ಜಾಗದ ಮಿಶ್ರ ಭಾಷೆ. ‘ನನಗೆ ಗೊತ್ತಿಲ್ಲ’ ಅನ್ನಲು ಗಲ್ಫ್‌ನ ಅರಬರು ತಮ್ಮೊಳಗೆ ‘ಮಾ ಅದ್ರಿ’ ಅನ್ನುತ್ತಾರೆ, ಬರಹದಲ್ಲಿ ‘ಲಾ ಅಅರಿಫು’. ನಾನು, ನೀನು, ಅವಳು ಎಂದು ಕ್ರಿಯಾಪದ ಬದಲಾಗುವುದನ್ನೇ ಇವರು ಮೊದಲಿನಿಂದ ತಿದ್ದಬೇಕು. ಈ ಕೋರ್ಸ್ ಅದನ್ನು ಮುಟ್ಟಲೇ ಇಲ್ಲ.

ಎರಡನೆಯದು ಹರಕಾತ್, ಅಂದರೆ ಸ್ವರ ಚಿಹ್ನೆಗಳು. ಕೊನೆಯ ವಾರದವರೆಗೂ ಎಲ್ಲ ಪಾಠದಲ್ಲೂ ಅವು ತುಂಬಿದ್ದವು. ಪತ್ರಿಕೆ, ಕಚೇರಿ ಪತ್ರ, ಅಂಗಡಿ ಬೋರ್ಡು ಯಾವುದರಲ್ಲೂ ಸಾಮಾನ್ಯವಾಗಿ ಅವು ಇರುವುದಿಲ್ಲ. ಕಾಫ್, ತಾ, ಬಾ ಮೂರೇ ಅಕ್ಷರ ಕಂಡಾಗ ಅದು ಕತಬ (ಬರೆದನು), ಕುತಿಬ (ಬರೆಯಲಾಯಿತು), ಕತ್ತಬ (ಬರೆಸಿದನು), ಕುತುಬ್ (ಪುಸ್ತಕಗಳು) ಏನು ಬೇಕಾದರೂ ಆಗಬಹುದು. ಹಿಂದೆ ‘ಥಲಾಥತು’ (ಮೂರು) ಇದ್ದರೆ ಕುತುಬ್ ಎಂದು ತಟ್ಟನೆ ಹೊಳೆಯಬೇಕು. ಮಧ್ಯಮ ಹಂತದ ಕೆಲಸವೇ ಇದು. ಜೊತೆಗೆ ನೋಟ್ಸ್ ಕೊಟ್ಟದ್ದು ಇಂಗ್ಲಿಷ್ ಮತ್ತು ಕನ್ನಡ ಲಿಪಿಯಲ್ಲಿ. ಕನ್ನಡದಲ್ಲಿ ಬರೆದರೆ ಹೃದಯವೂ ಕಲ್ಬ್, ನಾಯಿಯೂ ಕಲ್ಬ್. ಖಡ್ಗವೂ ಸೈಫ್, ಬೇಸಿಗೆಯೂ ಸೈಫ್; ಅರೇಬಿಕ್‌ನಲ್ಲಿ ಇವುಗಳ ಮೊದಲ ಅಕ್ಷರವೇ ಬೇರೆ ಬೇರೆ. ಇಲ್ಲಿ ನಾವು ಬರೆದಂತೆ ಪರಿಚಯಕ್ಕೆ ಸರಿ, ಕಲಿಕೆಗೆ ವಿಷ.

ಹತ್ತು ವಜ್ನ್‌ಗಳನ್ನು, ಅಂದರೆ ಕ್ರಿಯಾಪದದ ಅಚ್ಚುಗಳನ್ನು, ಒಂದೇ ತರಗತಿಯಲ್ಲಿ ಕೋಷ್ಟಕ ತೋರಿಸಿ ಮುಗಿಸಿದರು. ಇದರ ಪೆಟ್ಟು ಬಿದ್ದದ್ದು ನಿಘಂಟು ತೆರೆದಾಗ. ‘ಇತ್ತಸಲ’ (ಸಂಪರ್ಕಿಸಿದ, ಫೋನ್ ಮಾಡಿದ) ಎಂಬುದನ್ನು ಧಾತುವಾರು ನಿಘಂಟಿನಲ್ಲಿ ಅಲಿಫ್‌ನಲ್ಲೋ ತಾ ಅಕ್ಷರದಲ್ಲೋ ಹುಡುಕಿದರೆ ಸಿಗುವುದಿಲ್ಲ. ಅದು ಎಂಟನೇ ವಜ್ನ್, ಧಾತು ವಾವ್-ಸಾದ್-ಲಾಮ್, ಮೊದಲಿನ ವಾವ್ ಮುಂದಿನ ತಾ ಜೊತೆ ಬೆರೆತುಹೋಗಿದೆ; ಹುಡುಕಬೇಕಾದ್ದು ವಾವ್‌ನಲ್ಲಿ. ‘ಲಮ್ ಯಕುಲ್’ (ಅವನು ಹೇಳಲಿಲ್ಲ) ಎಂಬುದರಲ್ಲಿ ಧಾತುವಿನ ನಡುವಿನ ವಾವ್ ಕಾಣುವುದೇ ಇಲ್ಲ. ಒಂದು ವಜ್ನ್‌ಗೆ ಕನಿಷ್ಠ ಒಂದು ವಾರ ಕೊಡಬೇಕು. ಹದಿನೈದು ಕ್ರಿಯಾಪದ, ಪ್ರತಿಯೊಂದರ ಭೂತಕಾಲ, ವರ್ತಮಾನ, ಮಸ್ದರ್ (ಕ್ರಿಯೆಯ ನಾಮರೂಪ) ಮೂರನ್ನೂ ಒಟ್ಟಿಗೆ ಬಾಯಿಪಾಠ ಮಾಡಬೇಕು. ವಾವ್, ಯಾ ಅಕ್ಷರಗಳು ಸೇರಿದ ಧಾತುಗಳಿಗೆ ಇನ್ನೂ ಹೆಚ್ಚು ದಿನ ಬೇಕು.

ಮೇಲಾಗಿ ನಡುವೆ ಮೇಷ್ಟ್ರು ಬದಲಾದರು, ಆಡುಭಾಷೆಯೂ ಬದಲಾಯಿತು. ‘ಬೇಕು’ ಅನ್ನಲು ಪುಸ್ತಕದಲ್ಲಿ ಉರೀದು, ಈಜಿಪ್ಟಿನವರ ಬಾಯಲ್ಲಿ ಆವಿಜ಼್, ಸಿರಿಯಾದವರಲ್ಲಿ ಬಿದ್ದಿ, ಗಲ್ಫ್‌ನಲ್ಲಿ ಅಬ್ಘಾ. ಯಾವುದು ಎಲ್ಲಿಯದು ಎಂದು ಯಾರೂ ಹೇಳಲಿಲ್ಲ. ಫುಸ್‌ಹಾ, ಅಂದರೆ ಬರಹದ ಶಿಷ್ಟ ಅರೇಬಿಕ್, ಜೊತೆಗೆ ಒಂದೇ ಆಡುಭಾಷೆ ಹಿಡಿಯಿರಿ. ದುಬೈ, ದೋಹಾಕ್ಕೆ ಹೊರಟವರಿಗೆ ಗಲ್ಫಿನದೇ ಸಾಕು.

ಡೆಮೊ ತರಗತಿಗೆ ಕೂರುವಾಗ ಅಂದಿನ ಬಿಬಿಸಿ ಅರೇಬಿಕ್ ಸುದ್ದಿಯ ಐದು ಸಾಲು ಹಿಡಿದುಕೊಂಡು ಹೋಗಿ. ಹರಕಾತ್ ಇಲ್ಲದೆ ಅದನ್ನು ಪಾಠ ಮಾಡಲು ಕೇಳಿ, ಪ್ರತಿ ಕ್ರಿಯಾಪದದ ಧಾತು ಮತ್ತು ವಜ್ನ್ ಹೇಳಿಸಿ. ‘ಅದೆಲ್ಲ ಆಮೇಲೆ’ ಎಂದರೆ ಎದ್ದು ಬನ್ನಿ. ಬರೆದ ಮನೆಪಾಠ ತಿದ್ದಿಕೊಡುತ್ತಾರಾ ಕೇಳಿ. ಶುಲ್ಕ ತಿಂಗಳಿಗೊಮ್ಮೆ ಮಾತ್ರ ಕಟ್ಟಿ.

ಈಗಾಗಲೇ ದುಡ್ಡು ಕಟ್ಟಿ ಸಿಕ್ಕಿಕೊಂಡವರು ಕೈಚೆಲ್ಲಬೇಡಿ. ಅಲ್ ಜಜೀರಾದ ಅರೇಬಿಕ್ ಕಲಿಕೆಯ ತಾಣದ ಪಾಠಗಳು ಉಚಿತ. ಧ್ವನಿ ಇರುವ, ನೂರು ಪದದಷ್ಟಿರುವ ಒಂದು ತುಣುಕನ್ನು ಅಲ್ಲಿಂದ ಆರಿಸಿಕೊಳ್ಳಿ. ಅದನ್ನು ಹರಕಾತ್ ಇಲ್ಲದೆ ಕಾಗದಕ್ಕೆ ಇಳಿಸಿ, ಪೆನ್ಸಿಲ್ಲಿನಲ್ಲಿ ನೀವೇ ಚಿಹ್ನೆ ಹಾಕಿ, ಆಮೇಲೆ ಕೇಳುತ್ತಾ ತಿದ್ದಿಕೊಳ್ಳಿ. ನಿಲುಗಡೆ ಬಂದಲ್ಲಿ ಓದುವವರು ಪದದ ಕೊನೆಯ ಸ್ವರ ಬಿಟ್ಟುಬಿಡುತ್ತಾರೆ, ಅದನ್ನು ನಿಮ್ಮ ತಪ್ಪು ಎಂದು ಹೊಡೆದುಹಾಕಬೇಡಿ.