ಕಾರವಾರದ ಕ್ವಿಜ್ ಸಂಜೆ: ಇಬ್ಬರೇ ಹೋದರೆ ಗೆಲ್ಲಬಹುದೇ?

ಕಾರವಾರದ ಕಡಲತೀರಕ್ಕೆ ಸಮೀಪದ ಕೆಫೆಯೊಂದರ ಮಾಳಿಗೆಯಲ್ಲಿ ತಿಂಗಳಿಗೊಂದು ಶನಿವಾರ ತಂಡಗಳ ಕ್ವಿಜ್ ನಡೆಯುತ್ತದೆ. ಪ್ರತಿ ಸಲವೂ ಒಂದೊಂದು ವಿಷಯ. ಈ ಸಲದ್ದು ‘ನಮ್ಮ ಉತ್ತರ ಕನ್ನಡ’. ತಂಡಕ್ಕೆ ಇಬ್ಬರಿಂದ ನಾಲ್ವರು, ಶುಲ್ಕ 400 ರೂಪಾಯಿ; ಅದರಲ್ಲಿ 200 ತಿಂಡಿ ಕೂಪನ್ನಾಗಿ ಕೈಗೆ ವಾಪಸ್ಸು. ಇಬ್ಬರು ಬಂದರೂ ಅಷ್ಟೇ, ನಾಲ್ವರು ಬಂದರೂ ಅಷ್ಟೇ ಎನ್ನುವುದು ಮೊದಲ ತಕರಾರು. ಗೆಳೆಯನ ಜೊತೆ ಜೋಡಿಯಾಗಿ ಹೋಗುವವರಿಗೆ ಇದು ತಲೆಗೆ ದುಬಾರಿ, ಅಂಕದಲ್ಲೂ ರಿಯಾಯಿತಿ ಇಲ್ಲ.

ಆದರೂ ಇಬ್ಬರ ತಂಡ ಇಲ್ಲಿ ಗೆಲ್ಲಲು ಸಾಧ್ಯ. ಒಂದೇ ಷರತ್ತು: ಒಬ್ಬರು ಘಟ್ಟದ ಮೇಲಿನವರು, ಇನ್ನೊಬ್ಬರು ಕೆಳಗಿನವರು ಆಗಿರಬೇಕು. ಶಿರಸಿ, ಸಿದ್ದಾಪುರದವರಿಗೆ ಬನವಾಸಿ, ಸೋಂದಾ, ಅಡಿಕೆ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಬಾಯಿಪಾಠ. ಕರಾವಳಿಯವರಿಗೆ ಬಂದರು, ಮೀನು, ನೌಕಾನೆಲೆ, ಕೊಂಕಣ ರೈಲು. ಒಂದೇ ಊರಿನ, ಒಂದೇ ತರಗತಿಯ ಇಬ್ಬರು ಹೋದರೆ ಇಬ್ಬರಿಗೂ ಗೊತ್ತಿರುವುದು ಒಂದೇ, ಗೊತ್ತಿಲ್ಲದ್ದೂ ಒಂದೇ.

ಪ್ರಶ್ನೆಗಳನ್ನು ಕಟ್ಟಿದ ರೀತಿಗೆ ಹೆಚ್ಚು ಅಂಕ ಕೊಡಬೇಕು. ಬರೀ ನೆನಪು ಕೇಳುವುದಿಲ್ಲ, ಬಿಡಿಸಲು ಎಳೆ ಕೊಡುತ್ತಾರೆ. ‘1961ರ ಡಿಸೆಂಬರ್‌ನಲ್ಲಿ ನೌಕಾಪಡೆ ಪೋರ್ಚುಗೀಸರಿಂದ ಬಿಡಿಸಿಕೊಂಡ ದ್ವೀಪ, ಇರುವುದು ಕಾರವಾರದ ಕಣ್ಣೆದುರಿಗೆ, ಆಡಳಿತ ಮಾತ್ರ ಗೋವೆಯದ್ದು’ ಎಂದರೆ ಅಂಜದೀವ್. ‘ಐಸಿಎಸ್ ಸೇರಿದ ಮೊದಲ ಭಾರತೀಯ ಇಲ್ಲಿ ನ್ಯಾಯಾಧೀಶರಾಗಿದ್ದರು, ಅವರ ಮನೆಗೆ ಬಂದುಳಿದ ತಮ್ಮನ ಹೆಸರು ಈಗ ಎಲ್ಲಿದೆ?’ ಎಂದಾಗ ಸತ್ಯೇಂದ್ರನಾಥರು ಗೊತ್ತಿಲ್ಲದಿದ್ದರೂ ಟ್ಯಾಗೋರ್ ಕಡಲತೀರಕ್ಕೆ ತಲುಪಬಹುದು. ಎಲ್ಲಕ್ಕಿಂತ ಚೆಂದದ್ದು 1983ರ ಜೋಡಣೆ: ಆ ವರ್ಷ ಮುಖ್ಯಮಂತ್ರಿಯಾದ ಸಿದ್ದಾಪುರ ತಾಲೂಕಿನವರು, ಅದೇ ವರ್ಷ ಶಿರಸಿ ಕಡೆಯ ಕಾಡಿನಲ್ಲಿ ಮರ ಅಪ್ಪಿಕೊಳ್ಳುವ ಚಳವಳಿಗೆ ಮುಂದಾದವರು, ಇವರಿಬ್ಬರಿಗೂ ಸಮಾನವಾದದ್ದೇನು? ರಾಮಕೃಷ್ಣ ಹೆಗಡೆ, ಪಾಂಡುರಂಗ ಹೆಗಡೆ. ಅಂದಹಾಗೆ, ಉಳಿದ ಪ್ರಶ್ನೆಗಳಿಗೆ ಬರೀ ‘ಹೆಗಡೆ’ ಎಂದು ಬರೆದರೆ ಅಂಕವಿಲ್ಲ. ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದವರೂ ಹೆಗಡೆ, ಅದೇ ರಂಗದ ಚಿಟ್ಟಾಣಿಯವರೂ ಹೆಗಡೆ. ಈ ಜಿಲ್ಲೆಯಲ್ಲಿ ಆ ಒಂದು ಪದಕ್ಕೆ ಅಂಕ ಕೊಡಲು ಹೊರಟರೆ ರಾತ್ರಿ ಮುಗಿಯುವುದಿಲ್ಲ.

ಎಡವಿದ್ದು ಉತ್ತರಪಟ್ಟಿಯಲ್ಲಿ. ತಾಲೂಕುಗಳೆಷ್ಟು ಎಂಬುದಕ್ಕೆ 11 ಎಂದೇ ಇಟ್ಟುಕೊಂಡಿದ್ದರು. ದಾಂಡೇಲಿ ಸೇರಿ 12 ಆಗಿದೆ. ಹಳೆಯ ಪುಸ್ತಕದಿಂದ ಎತ್ತಿದರೆ ಹೀಗೇ ಆಗುವುದು. ತುಳಸಿ ಗೌಡರ ಪದ್ಮಶ್ರೀ ಯಾವ ವರ್ಷದ್ದು ಎಂಬ ಪ್ರಶ್ನೆಯೂ ಅರ್ಧಂಬರ್ಧ: ಘೋಷಣೆಯಾಗಿದ್ದು 2020ರಲ್ಲಿ, ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ಹೋಗಿ ಸ್ವೀಕರಿಸಿದ್ದು 2021ರ ನವೆಂಬರ್‌ನಲ್ಲಿ. ಇಂಥಲ್ಲಿ ಉತ್ತರದ ಪಕ್ಕ ‘ಘೋಷಣೆ’ ಎಂದು ಬರೆದಿಡಿ, ಆಮೇಲೆ ವಾದಕ್ಕೆ ಕಾಗದವೇ ಸಾಕ್ಷಿ. ತಕರಾರು ಹೇಳಲು ಸುತ್ತು ಮುಗಿದ ಮೇಲೆ ಎರಡು ನಿಮಿಷ ಮಾತ್ರ ಕೊಡುತ್ತಾರೆ.

ಒಟ್ಟು ಐದು ಸುತ್ತು. ಮೊದಲ ನಾಲ್ಕು ಬರೆಯುವಂಥವು: ಚರಿತ್ರೆ, ಚಿತ್ರ, ಧ್ವನಿ, ಜೋಡಣೆ. ಪ್ರತಿಯೊಂದರಲ್ಲೂ 10 ಪ್ರಶ್ನೆ, ಸರಿಯಾದರೆ 5 ಅಂಕ. ಇವುಗಳಲ್ಲಿ ಒಂದಕ್ಕೆ ಜೋಕರ್ ಇಟ್ಟು ಅಂಕ ದುಪ್ಪಟ್ಟು ಮಾಡಿಕೊಳ್ಳಬಹುದು, ಆದರೆ ಸುತ್ತು ಶುರುವಾಗುವ ಮೊದಲೇ ಹೇಳಬೇಕು. ಹೆಚ್ಚಿನ ತಂಡಗಳು ‘ಕಷ್ಟದ ಸುತ್ತಿಗೆ ಇರಲಿ’ ಎಂದು ಜೋಕರನ್ನು ಎತ್ತಿಟ್ಟು ಕೆಡುತ್ತವೆ. ದುಪ್ಪಟ್ಟಾಗುವುದು ನೀವು ಗಳಿಸಿದ್ದು ಮಾತ್ರ. ಎಂಟು ಸರಿಯಾಗುವ ಸುತ್ತಿಗೆ ಇಟ್ಟರೆ 40 ಹೆಚ್ಚುವರಿ, ಆರು ಸರಿಯಾಗುವಲ್ಲಿ 30. ಹಾಗಾಗಿ ನಿಮಗೆ ಸುಲಭವಾದ ಸುತ್ತಿಗೇ ಇಡಿ. ಪಕ್ಕದ ಮೇಜಿಗೆ ಅದು ಸುಲಭವೋ ಅಲ್ಲವೋ ಎಂಬ ಚಿಂತೆ ಬೇಡ. ಧ್ವನಿ ಸುತ್ತಿಗಂತೂ ಇಡಲೇಬೇಡಿ. ಯಕ್ಷಗಾನದ ತೆಂಕಿನ ಚೆಂಡೆಯೋ ಬಡಗಿನ ಚಂಡೆಯೋ ತಿಳಿಯದಷ್ಟು ಸ್ಪೀಕರ್ ಒಡೆಯುತ್ತದೆ, ಮೇಲಿಂದ ಗಾಳಿ. ಚಿತ್ರ ಸುತ್ತಿಗೆ ಜೆರಾಕ್ಸ್ ಹಾಳೆ ಹಂಚುತ್ತಾರೆ. ಯಾಣದ ಶಿಲೆ ಮೊದಲೇ ಕಪ್ಪು, ಹಾಳೆಯಲ್ಲಿ ಶಾಯಿ ಚೆಲ್ಲಿದಂತಿತ್ತು.

ಕೊನೆಯ ಸುತ್ತು ಬಾಯಿಮಾತಿನದು, 12 ಪ್ರಶ್ನೆ. ಪ್ರಶ್ನೆ ಒಂದು ಮೇಜಿಗೆ ಬರುತ್ತದೆ, ಅವರಿಗೆ ಗೊತ್ತಿಲ್ಲದಿದ್ದರೆ ಮುಂದಿನ ಮೇಜಿಗೆ ದಾಟುತ್ತದೆ. ಸರಿಯಾದರೆ 10, ತಪ್ಪಿಗೆ ದಂಡವಿಲ್ಲ. ಇದು ಬೌನ್ಸ್. ಸರದಿ ಕಾಯದೆ ಚೀಟಿ ಬರೆದು ಕೊಡುವುದು ಪೌನ್ಸ್: ಸರಿಯಾದರೆ 10, ತಪ್ಪಾದರೆ 5 ಕಡಿತ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಖಾತ್ರಿ ಇದ್ದರೆ ಲೆಕ್ಕದ ಪ್ರಕಾರ ಪೌನ್ಸ್ ನಷ್ಟದ್ದಲ್ಲ. ಆದರೆ ಸರದಿ ನಿಮ್ಮ ಪಕ್ಕದ ಮೇಜಿಗೇ ಬಂದಿದ್ದು, ಅವರ ಮುಖದಲ್ಲಿ ಉತ್ತರದ ಸುಳಿವಿಲ್ಲವಾದರೆ ತಡೆಯಿರಿ. ಪ್ರಶ್ನೆ ದಂಡವಿಲ್ಲದೆ ತಾನಾಗಿ ನಿಮ್ಮಲ್ಲಿಗೆ ಬರುತ್ತದೆ. ಏಳೆಂಟು ಮೇಜು ದೂರವಿದ್ದರೆ ಮಾತ್ರ ಚೀಟಿ. ಅದನ್ನು ಕೊಡಲು 20 ಸೆಕೆಂಡ್ ಅಷ್ಟೇ, ಆದ್ದರಿಂದ ಪೆನ್ನು ಒಬ್ಬರ ಕೈಯಲ್ಲೇ ಇರಲಿ, ಇನ್ನೊಬ್ಬರು ಕಿವಿಯಲ್ಲಿ ಹೇಳಲಿ. ದನಿ ಏರಿದರೆ ನಿಮ್ಮ ಉತ್ತರ ಪಕ್ಕದವರ ಚೀಟಿಗೆ ಹೋಯಿತೆಂದೇ ತಿಳಿಯಿರಿ.

ಸಮ ಬಂದರೆ ಒಂದು ಸಂಖ್ಯೆಯ ಪ್ರಶ್ನೆ, ಹತ್ತಿರದ ಊಹೆಗೆ ಗೆಲುವು. ಕೈಗಾ ಅಣುಸ್ಥಾವರದ ಒಂದನೇ ಘಟಕ 2018ರ ಕೊನೆಯ ದಿನದವರೆಗೆ ಎಡೆಬಿಡದೆ ಎಷ್ಟು ದಿನ ಓಡಿತು ಎಂದು ಕೇಳಿದ್ದರು. ಉತ್ತರ 962, ಎಲ್ಲಿ ನೋಡಿದರೂ ಒಂದೇ. ಮುರ್ಡೇಶ್ವರದ ಗೋಪುರದ ಎತ್ತರ ಕೇಳಿದ್ದರೆ ಒಬ್ಬರು 237 ಅಡಿ, ಇನ್ನೊಬ್ಬರು 249 ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ಈ ಆಯ್ಕೆಯಲ್ಲಿ ಜಾಣತನವಿದೆ.

ಕೂಪನ್ನಿಗೆ ಮಿಸಳ್ ತೆಗೆದುಕೊಳ್ಳಿ, ಕೋಕಂ ಶರಬತ್ತು ನೀರುನೀರು. ಮೊದಲ ಸುತ್ತಿಗೆ ಮುಂಚೆಯೇ ಹೇಳಿದರೆ ಸರಿ, ನಡುವೆ ಹೇಳಿದರೆ ಪೌನ್ಸ್ ಸುತ್ತಿನಲ್ಲಿ ಬಂದು ಕೈಗೆಲ್ಲ ಎಣ್ಣೆ. ನಿರೂಪಕರು ಕನ್ನಡದಲ್ಲಿ ಓದಿ, ಕೇಳಿದರೆ ಕೊಂಕಣಿಯಲ್ಲೂ ಹೇಳುತ್ತಾರೆ. ಉತ್ತರ ಯಾವ ಲಿಪಿಯಲ್ಲಿದ್ದರೂ ನಡೆಯುತ್ತದೆ.

ಮೇಜುಗಳು 12 ಮಾತ್ರ, ಗುರುವಾರದೊಳಗೆ ಫೋನ್ ಮಾಡಿ ಕಾದಿರಿಸಿ. ಕಡಲ ಕಡೆಯ ಮೇಜು ಕೇಳಬೇಡಿ, ನೋಟ ಚೆಂದ, ಆದರೆ ಪ್ರಶ್ನೆ ಕೇಳಿಸುವುದಿಲ್ಲ. ಆರೂವರೆಗೆ ಎಂದು ಹೇಳಿ ಏಳಕ್ಕೆ ಶುರು ಮಾಡುತ್ತಾರೆ, ಮುಗಿಯುವಾಗ ಒಂಬತ್ತೂವರೆ. ಶಿರಸಿಯ ಗೆಳೆಯನನ್ನು ಕರೆಸಿದ್ದರೆ ಆ ರಾತ್ರಿ ದೇವಿಮನೆ ಘಟ್ಟ ಹತ್ತಿಸಬೇಡಿ, ಮನೆಯಲ್ಲೇ ಹಾಸಿಗೆ ಹಾಸಿಡಿ.